ಒತ್ತಕ್ಷರ ಕತ್ತರಿಸದ ಗುಂಡಿ ಬೇಕು

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ಟ್ಯಾಂಕರ್ ನೀರಿನ ಸುದ್ದಿ ಇದ್ದೇ ಇರುತ್ತದೆ. ಅದೇ ಟ್ಯಾಂಕರ್ ನೆಪದಲ್ಲಿ ಸ್ವಲ್ಪ ಬೇರೆ ವಿಷಯ, ಫೋನಿನ ಪರದೆಯಲ್ಲಿ ಕನ್ನಡದ ಒತ್ತಕ್ಷರ ತುಂಡಾಗುವ ಬಗ್ಗೆ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ವಿಜಯನಗರದವನು, ಬ್ಯಾಕ್‌ಎಂಡ್ ಡೆವಲಪರ್. ನೀವು ಫೋನಿನಲ್ಲಿ ಗುಂಡಿ ಒತ್ತಿದ ಮೇಲೆ ಸರ್ವರ್‌ನಲ್ಲಿ ಏನು ನಡೆಯುತ್ತದೋ ಅದು ನನ್ನ ಕೆಲಸ. ಗುಂಡಿ ನನ್ನದಲ್ಲ, ಕಣ್ಣಿಗೆ ಕಾಣುವ ಸ್ಕ್ರೀನ್ ಮಾಡುವ ಫ್ರಂಟ್‌ಎಂಡ್‌ನವರದು.

2024ರ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಕೈಕೊಟ್ಟಿತು. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ 12 ಸಾವಿರ ಲೀಟರ್ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ ಎಂದು ದರ ನಿಗದಿ ಮಾಡಿತ್ತು. ದರವೇನೋ ಗೊತ್ತಾಯಿತು. ಯಾವ ಗಾಡಿ ಯಾವಾಗ ಬಂತು, ನಾವು ಎಷ್ಟು ಕೊಟ್ಟೆವು ಎನ್ನುವುದು ಮಾತ್ರ ವಾಚ್‌ಮನ್ ನೋಟ್‌ಬುಕ್‌ನಲ್ಲಿ, ಅದೂ ನೀರು ಬಿದ್ದು ಅಳಿಸಿದ ಹಾಳೆಗಳಲ್ಲಿ. ತಿಂಗಳ ಕೊನೆಗೆ ಜಗಳ. ಹಾಗಾಗಿ ಲೆಕ್ಕಕ್ಕೊಂದು ಚಿಕ್ಕ ಪ್ರೋಗ್ರಾಂ ಬರೆಯಲು ಕೂತೆ.

ಹಿಂದಿನ ಭಾಗ ಸಲೀಸಾಗಿ ಮುಗಿಯಿತು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಟೇಬಲ್‌ಗಳು, ಮನೆವಾರು ಪಾಲು, ರಾತ್ರಿ ಬ್ಯಾಕಪ್. ಒಂದೇ ಲೋಡನ್ನು ಎರಡು ಸಲ ಬರೆದರೆ ತಡೆಯುವ ವ್ಯವಸ್ಥೆ ಕೂಡ. ಸ್ಕ್ರೀನ್ ಮಾಡಬೇಕು ಅಂದಾಗ ಕೈ ನಿಂತಿತು. ಶನಿವಾರ ಬಂದರೆ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ, ಮುಗಿದಿದ್ದ ಹಿಂಭಾಗವನ್ನೇ ಇನ್ನೊಂದಿಷ್ಟು ತಿದ್ದಿ ಮುಚ್ಚಿಡುತ್ತಿದ್ದೆ. ನಮ್ಮ ಕಸುಬಿನವರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತು.

ಸೋಮಾರಿತನ ಅಂದುಕೊಳ್ಳಬೇಡಿ. ಸರ್ವರ್‌ನಲ್ಲಿ ತಪ್ಪಾದರೆ ಯಾವ ಫೈಲು, ಎಷ್ಟನೇ ಸಾಲು ಅಂತ ಲಾಗ್, ಅಂದರೆ ಸರ್ವರ್ ಬರೆದಿಡುವ ದಿನಚರಿ, ಹೇಳುತ್ತದೆ. ಗುಂಡಿ ಸೊಟ್ಟಗೆ ಕೂತರೆ ಯಾವ ಲಾಗೂ ಬಾಯಿ ಬಿಡುವುದಿಲ್ಲ. ನನ್ನ ಫೋನಿನಲ್ಲಿ ಸರಿ, ಪಕ್ಕದ ಮನೆಯವರ ಫೋನಿನಲ್ಲಿ ಅಧ್ವಾನ. ಡೇಟಾಬೇಸ್ ಜೊತೆ ಮಾತಾಡುವ ಭಾಷೆ ಎಸ್‌ಕ್ಯೂಎಲ್ ಹುಟ್ಟಿದ್ದು 1970ರ ದಶಕದಲ್ಲಿ. ಕಾಲೇಜಿನಲ್ಲಿ ಕಲಿತದ್ದು ಇವತ್ತಿಗೂ ಅನ್ನ ಹಾಕುತ್ತಿದೆ. ಆಚೆ ಕಡೆ, ಫ್ರಂಟ್‌ಎಂಡ್‌ನಲ್ಲಿ, ಸ್ಕ್ರೀನ್ ಕಟ್ಟುವ ಸಲಕರಣೆಗಳೇ ಸಾಲುಸಾಲು: 2006ರಲ್ಲಿ ಜೆಕ್ವೆರಿ, 2010ರಲ್ಲಿ ಆ್ಯಂಗ್ಯುಲರ್, 2013ರಲ್ಲಿ ರಿಯಾಕ್ಟ್, ಮರುವರ್ಷವೇ ವ್ಯೂ. ಮನೆ ಲೆಕ್ಕದ ಸಣ್ಣ ಕೆಲಸಕ್ಕೆ ಇಷ್ಟೆಲ್ಲ ಯಾರು ಕಲಿಯುತ್ತಾರೆ ಹೇಳಿ?

ಬಿಟ್ಟಿ ಸಿಗುವ ಒಂದು ರೆಡಿಮೇಡ್ ಟೆಂಪ್ಲೇಟ್, ಅಂದರೆ ಸಿದ್ಧ ಸ್ಕ್ರೀನ್ ವಿನ್ಯಾಸ, ಹಾಕಿ ನೋಡಿದೆ. ಇಂಗ್ಲಿಷ್‌ನಲ್ಲಿ ಬಲು ಚೆಂದ. ಕನ್ನಡ ತುಂಬಿದರೆ ‘ನೀರಿನ ಲೆಕ್ಕ’ ಹೋಗಿ ‘ನೀರಿನ ಲೆಕ’ ಆಯಿತು. ‘ಒಟ್ಟು’ ಇದ್ದಲ್ಲಿ ‘ಒಟು’. ಗುಂಡಿ, ಪಟ್ಟಿಗಳ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಇಂತಿಷ್ಟೇ ಪಿಕ್ಸೆಲ್ ಅಂತ ಕಟ್ಟಿಹಾಕಿದ್ದರು. ಹೊರಗೆ ಚಾಚಿದ್ದನ್ನು ಕಾಣದಂತೆ ಮಾಡು ಎಂಬ ಸಾಲು ಬೇರೆ. ನಮ್ಮ ಒತ್ತಕ್ಷರ ಕೂರುವುದೇ ಕೆಳಗೆ, ಅಲ್ಲಿ ಜಾಗವೇ ಇಲ್ಲ. ತಲೆಬರಹಕ್ಕೆ ಅಕ್ಷರ ಅಕ್ಷರದ ನಡುವೆ ಅಂತರ ಕೊಟ್ಟಿದ್ದರು, ಕನ್ನಡದಲ್ಲಿ ಅದು ಪದವನ್ನೇ ಒಡೆದು ಹಾಕಿತು. ಎಐಗೆ ಹೇಳಿದರೆ ಮಾಡಿಕೊಡುತ್ತೆ ಅಲ್ವಾ ಎಂದರು ಗೆಳೆಯರು. ಮಾಡಿಕೊಟ್ಟಿತು, ಅದೇ ಕಟ್ಟಿಹಾಕಿದ ಎತ್ತರದ ಸಮೇತ.

ಎಲ್ಲ ಕಿತ್ತುಹಾಕಿ ವೆಬ್ ಪುಟದ ಮೂಲ ಭಾಷೆಯಾದ ಎಚ್‌ಟಿಎಂಎಲ್‌ನ ಬರೀ ಒಂದು ಫಾರ್ಮ್ ಇಟ್ಟೆ. ದಿನಾಂಕ, ಲೀಟರ್, ಹಣ, ಗಾಡಿ ನಂಬರ್, ಕೆಳಗೆ ‘ಬರೆದುಕೋ’ ಎಂಬ ಗುಂಡಿ. ಬಣ್ಣವಿಲ್ಲ, ರಿಯಾಕ್ಟ್ ಇಲ್ಲ. ಎತ್ತರ ಎಷ್ಟು ಅಂತ ನಾನು ಹೇಳದೆ ಬಿಟ್ಟಿದ್ದಕ್ಕೆ ಬ್ರೌಸರೇ ಒತ್ತಿಗೆ ಜಾಗ ಮಾಡಿಕೊಟ್ಟಿತು. ಫೋನಿನಲ್ಲಿ ಅಕ್ಷರ ತೀರಾ ಚಿಕ್ಕದಾಗದಂತೆ ವ್ಯೂಪೋರ್ಟ್ ಎಂಬ ಒಂದು ಸಾಲು ಸೇರಿಸಿದೆ, ಅಷ್ಟೇ.

ನಮ್ಮ ವಾಚ್‌ಮನ್ ಯಾದಗಿರಿ ಕಡೆಯವರು. ಟೆಂಪ್ಲೇಟಿನಲ್ಲಿ ಗುಂಡಿಯ ಬದಲು ಮೂಲೆಯಲ್ಲೊಂದು ಕೂಡಿಸುವ ಚಿಹ್ನೆ ಇತ್ತು. ‘ಎಲ್ಲಿ ಒತ್ಬೇಕ್ರಿ ಸರ?’ ಎಂದಿದ್ದರು. ಈ ಸಪ್ಪೆ ಪುಟ ಕೊಟ್ಟಾಗ ಏನೂ ಕೇಳಲಿಲ್ಲ. ತುಂಬಿದರು, ಒತ್ತಿದರು, ಗೇಟ್ ತೆಗೆಯಲು ಹೋದರು. ಲೆಕ್ಕ ನೋಡುವ ಮೇಡಂ ಮಾತ್ರ ‘ಇದೇನಪ್ಪಾ, ರೇಷನ್ ಕಾರ್ಡ್ ಅರ್ಜಿ ಥರ ಇದೆ’ ಎಂದು ನಕ್ಕರು. ಇರಲಿ ಮೇಡಂ, ಒಟ್ಟು ಸರಿ ಬರುತ್ತಿದೆಯಲ್ಲ ಎಂದೆ.

ಈ ಊರಿನಲ್ಲಿ ಕನ್ನಡ ಬಲ್ಲ ಫ್ರಂಟ್‌ಎಂಡ್ ಜನ ಬೇಕಾದಷ್ಟಿದ್ದಾರೆ. ಅವರಲ್ಲಿ ಒಂದು ಕೋರಿಕೆ. ನೋಟೊ ಸಾನ್ಸ್ ಕನ್ನಡದಂಥ ಒಳ್ಳೆಯ ಫಾಂಟುಗಳು ಬಿಟ್ಟಿಯಾಗಿಯೇ ಸಿಗುತ್ತವೆ. ಅವು ಸರಿಯಾಗಿ ಕೂರುವಂಥ ಗುಂಡಿ, ಪಟ್ಟಿ, ತಲೆಬರಹ, ಫಾರ್ಮ್‌ಗಳನ್ನು ಯಾರಾದರೂ ಮಾಡಿ ಎಲ್ಲರಿಗೂ ಸಿಗುವಂತೆ ಇಡಿ. ‘ರಾಷ್ಟ್ರ’, ‘ಸ್ತ್ರೀ’ಯಂಥ ಎರಡೆರಡು ಒತ್ತಿನ ಪದ ಹಾಕಿ ಪರೀಕ್ಷೆ ಮಾಡಿ. ನನ್ನ ಹಾಗೆ ಹಿಂಭಾಗ ಮುಗಿಸಿ ಮುಂಭಾಗಕ್ಕೆ ಅಳುಕಿ ಕೂತವರು ಕನ್ನಡದಲ್ಲೇ ಕೆಲಸ ಮುಗಿಸಬಹುದು. ಬದಲಿಗೆ ನಿಮ್ಮ ಡೇಟಾಬೇಸ್ ಕೆಲಸ ಏನಿದ್ದರೂ ಮಾಡಿಕೊಡಲು ನಾನು ತಯಾರು. ಯಾವ ಬಣ್ಣ ಚೆನ್ನಾಗಿರುತ್ತೆ ಅಂತ ಮಾತ್ರ ಕೇಳಬೇಡಿ.

– ಒಬ್ಬ ಓದುಗ, ವಿಜಯನಗರ, ಬೆಂಗಳೂರು