ಮಲೆನಾಡಿನ ಧೈರ್ಯ ಅಯೋವಾದಲ್ಲಿ ನಡೆಯೋಲ್ಲ

ಚಿ. ರಾಘುವಿಗೆ ನಿನ್ನ ಮಾವ ಮಾಡುವ ಆಶೀರ್ವಾದ. ನಾವಿಬ್ಬರೂ ಕ್ಷೇಮ. ನೀನು, ಸ್ಮಿತಾ, ಪುಟ್ಟಿ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ.

ಎರಡು ಗಂಟೆ ದಾರಿಯಲ್ಲಿರುವ ಮಾವ ಪತ್ರ ಯಾಕೆ ಬರೆದ ಅಂತ ನಗಬೇಡ. ಫೋನಿನಲ್ಲಿ ಹೇಳಿದರೆ ನೀನು "ಹೂಂ ಮಾವ, ಹೂಂ ಮಾವ" ಅಂತ ಮುಗಿಸಿಬಿಡುತ್ತೀಯ. ಮೊನ್ನೆ ಐಸ್ ಬಿದ್ದು ನಿಮ್ಮೂರಲ್ಲಿ ನಾಲ್ಕು ಗಂಟೆ ಕರೆಂಟ್ ಹೋದಾಗ ಏನಂದೆ, ನೆನಪಿದೆಯಾ? "ಮಾವ, ನಾನು ಕೊಪ್ಪದವನು. ಕರೆಂಟ್ ಹೋಗೋದು ನನಗೆ ಹೊಸದಾ?" ಅಂದೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಮೆರಿಕದ ಈ ಅಯೋವಾಕ್ಕೆ ಬಂದ ಹೊಸದರಲ್ಲಿ ನಾನೂ ಅದೇ ಮಾತು ಆಡಿದ್ದೆ.

ನಮ್ಮ ಕೊಪ್ಪದ ಮನೆಯನ್ನು ಒಮ್ಮೆ ನೆನಪು ಮಾಡಿಕೋ. ಆಷಾಢದಲ್ಲಿ ಒಂದು ಮರ ಲೈನಿನ ಮೇಲೆ ಬಿತ್ತು ಅಂದರೆ ನಾಲ್ಕು ದಿನ ಕತ್ತಲೆ. ಆದರೆ ಹೋಗುತ್ತಿದ್ದದ್ದು ದೀಪ ಮಾತ್ರ. ಬಚ್ಚಲೊಲೆಗೆ ಕಟ್ಟಿಗೆ ಇತ್ತು, ಹಂಡೆಯಲ್ಲಿ ಬಿಸಿನೀರಿತ್ತು, ಬಾವಿಗೆ ಹಗ್ಗ ರಾಟೆ ಇತ್ತು. ನಿಮ್ಮಮ್ಮ ಕೆಂಡದ ಮೇಲೆ ಹಲಸಿನ ಹಪ್ಪಳ ಸುಟ್ಟುಕೊಡುತ್ತಿದ್ದಳು. ಆ ಮನೆ ಕಟ್ಟಿದಾಗ ಕರೆಂಟೇ ಇರಲಿಲ್ಲ, ಹಾಗಾಗಿ ಅದು ಹೋದರೆ ಮನೆಗೇನೂ ಆಗುತ್ತಿರಲಿಲ್ಲ.

ನೀನು ಈಗ ಕೊಂಡಿರುವ ಮನೆ ಹಾಗಲ್ಲಪ್ಪ. ಮನೆ ಬೆಚ್ಚಗಿಡುವ ಫರ್ನೇಸ್ ಉರಿಯುವುದು ಗ್ಯಾಸಿನಲ್ಲೇ, ಸರಿ. ಆದರೆ ಅದನ್ನು ಹೊತ್ತಿಸುವುದಕ್ಕೂ ಬಿಸಿಗಾಳಿಯನ್ನು ಕೋಣೆಗಳಿಗೆ ನೂಕುವುದಕ್ಕೂ ಕರೆಂಟ್ ಬೇಕು. ಅಡುಗೆ ಒಲೆಗೆ ಕರೆಂಟ್ ಬೇಕು. ಬೇಸ್‌ಮೆಂಟಿನ ಗುಂಡಿಯಲ್ಲಿ ಕೂತು, ಅಲ್ಲಿ ಸೇರುವ ನೀರನ್ನು ಹೊರಗೆ ಎತ್ತಿಹಾಕುವ ಸಂಪ್ ಪಂಪಿಗೂ ಬೇಕು. ಹೊರಗೆ ಮೈನಸ್ ಇಪ್ಪತ್ತು ಇರುವಾಗ ಒಂದು ರಾತ್ರಿ ಕರೆಂಟ್ ಇಲ್ಲ ಅಂದರೆ ಬೆಳಗಿನೊಳಗೆ ಗೋಡೆಯೊಳಗಿನ ನೀರಿನ ಪೈಪ್ ಒಡೆಯಬಹುದು. ಊರಲ್ಲಿ ಕರೆಂಟ್ ಹೋದರೆ ಚಿಮಣಿ ಹಚ್ಚಿದರೆ ಮುಗಿಯಿತು. ಇಲ್ಲಿ ಎಷ್ಟೋ ಸಲ ಮನೆ ಬಿಟ್ಟೇ ಹೊರಡಬೇಕು.

ನನಗೆ ಇದು ಗೊತ್ತಾದದ್ದು 2007ರ ಫೆಬ್ರವರಿಯಲ್ಲಿ. ಶನಿವಾರ, 24ನೇ ತಾರೀಕು. ಬೆಳಿಗ್ಗೆ ಮಳೆ ಅಂತಲೇ ಅಂದುಕೊಂಡಿದ್ದೆವು. ಮೇಲೆ ಬೆಚ್ಚನೆ ಗಾಳಿ, ನೆಲದ ಹತ್ತಿರ ಕೊರೆಯುವ ಗಾಳಿ ಇದ್ದಾಗ ಹೀಗಾಗುತ್ತದೆ. ಹನಿ ನೀರಾಗಿಯೇ ಬೀಳುತ್ತದೆ, ತಂತಿಯನ್ನೋ ಕೊಂಬೆಯನ್ನೋ ಮುಟ್ಟಿದ ಕೂಡಲೇ ಗಾಜಿನಂತೆ ಗಟ್ಟಿಯಾಗುತ್ತದೆ. ಅರ್ಧ ಇಂಚು ಐಸ್ ಕೂತರೆ ಸಾಕು, ಎರಡು ಕಂಬಗಳ ನಡುವಿನ ತಂತಿಗೆ 500 ಪೌಂಡಿನಷ್ಟು ಹೆಚ್ಚಿನ ಭಾರ ಬೀಳಬಹುದು. ಅದರ ಮೇಲೆ ಗಾಳಿ ಬೀಸಿದರೆ ತಂತಿ ಹಗ್ಗದಾಟದ ಹಗ್ಗದ ಹಾಗೆ ಕುಣಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ರಸ್ತೆಯ ಕಂಬಗಳು ಒಂದರ ಹಿಂದೆ ಒಂದು ಮುರಿದವು. ನೀಲಿ ಬೆಳಕು ಫಳ್ ಅಂದದ್ದು ಇವತ್ತಿಗೂ ಕಣ್ಣಲ್ಲಿದೆ.

ಸಂಜೆ ನಿನ್ನ ಅತ್ತೆ ಚಳಿಗೆ ನಡುಗತೊಡಗಿದಳು. ನನಗೆ ನಮ್ಮಜ್ಜಿಯ ಅಗ್ಗಿಷ್ಟಿಕೆ ನೆನಪಾಯಿತು. ಬಾಣಂತಿ ಕೋಣೆಯಲ್ಲಿ ಇಡುತ್ತಿದ್ದರಲ್ಲ, ಅದು. ಗ್ಯಾರೇಜಿನಿಂದ ಇದ್ದಿಲಿನ ಗ್ರಿಲ್ ತಂದು ಬೇಸ್‌ಮೆಂಟಿನಲ್ಲಿ ಇಟ್ಟೆ. ಕೆಂಡ ಚೆನ್ನಾಗಿ ಕೆಂಪಾಯಿತು. ಹೊಗೆ ಇಲ್ಲ, ವಾಸನೆ ಇಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ಅವಳು ತಲೆನೋವು ಅಂದಳು, ವಾಕರಿಕೆ ಅಂದಳು. ಹೊಟ್ಟೆಗೆ ಸರಿಯಾಗಿ ತಿಂದಿಲ್ಲ ಅಂತ ಗದರಿಸಿದೆ. ನನಗೂ ಕಣ್ಣು ಮಂಜಾಗುತ್ತಿತ್ತು.

ನಮ್ಮ ಪುಣ್ಯ, ಪಕ್ಕದ ಮನೆಯ ಮುದುಕ ಟಾರ್ಚ್ ಹಿಡಿದು ವಿಚಾರಿಸಲು ಬಂದ. ಮೆಟ್ಟಿಲ ಮೇಲಿಂದಲೇ ಕೆಂಡ ನೋಡಿದ. ಒಂದು ಮಾತೂ ಆಡಲಿಲ್ಲ. ಕೋಟಿನ ತೋಳನ್ನು ಕೈ ಮೇಲೆ ಎಳೆದುಕೊಂಡು ಗ್ರಿಲ್ ಎತ್ತಿ, ಮೆಟ್ಟಿಲು ಹತ್ತಿ, ಹೊರಗೆ ಐಸಿನ ಮೇಲೆ ಮಗುಚಿ ಹಾಕಿದ. ಚೊಂಯ್ ಅಂದಿತು. ಆಮೇಲೆ ಇಬ್ಬರನ್ನೂ ಹೊರಗೆ ಗಾಳಿಗೆ ನಿಲ್ಲಿಸಿ ಬೈದ. ಆ ಇಂಗ್ಲಿಷ್ ಬೈಗುಳಗಳನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಅಜ್ಜಿಯ ಕೋಣೆಗೆ ಹೆಂಚಿನ ಮಾಡು. ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಇಲ್ಲಿನ ಮನೆ ಥರ್ಮಾಸ್ ಫ್ಲಾಸ್ಕ್ ಇದ್ದ ಹಾಗೆ, ಒಳಗಿನ ಗಾಳಿ ಹೊರಗೆ ಹೋಗುವುದಿಲ್ಲ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದ್ದರಿಂದ ರಾಘು, ಇದ್ದಿಲು, ಕ್ಯಾಂಪಿಂಗ್ ಒಲೆ, ಜನರೇಟರ್ ಯಾವುದೂ ಮನೆಯೊಳಗೆ ಬೇಡ. ಗ್ಯಾರೇಜಿನೊಳಗೂ ಬೇಡ, ಬಾಗಿಲು ತೆರೆದಿಟ್ಟರೂ ಬೇಡ. ಮಲಗುವ ಕೋಣೆಗಳ ಹತ್ತಿರ ಈ ವಿಷಗಾಳಿ ಬಂದರೆ ಕೂಗುವ, ಬ್ಯಾಟರಿಯಿಂದ ನಡೆಯುವ ಅಲಾರಂ ಇದೆಯೋ ಇಲ್ಲವೋ ಇವತ್ತೇ ನೋಡು. ಇದೊಂದನ್ನು ಬೇಡಿಕೊಂಡು ಹೇಳುತ್ತಿದ್ದೇನೆ ಅಂದುಕೋ.

ಜನರೇಟರ್ ಕೊಳ್ಳುತ್ತೇನೆ ಅಂದೆಯಲ್ಲ. ಕೊಳ್ಳು, ಆದರೆ ಮನೆಯಿಂದ ಕನಿಷ್ಠ 20 ಅಡಿ ದೂರ ಇಡು. ನಿನ್ನ ಆಫೀಸಿನವನು ಯಾರೋ ಎರಡೂ ತುದಿಯಲ್ಲಿ ಪಿನ್ ಇರುವ ವೈರು ಮಾಡಿಕೊಡುತ್ತೇನೆ, ಡ್ರೈಯರ್ ಸಾಕೆಟ್ಟಿಗೆ ಚುಚ್ಚಿದರೆ ಇಡೀ ಮನೆಗೆ ಕರೆಂಟ್ ಬರುತ್ತದೆ ಅಂದನಂತೆ. ಅವನಿಗೆ ಕೈ ಮುಗಿದು ಬಿಡು. ಆ ಕರೆಂಟ್ ನಿನ್ನ ಮನೆಯಲ್ಲಿ ನಿಲ್ಲುವುದಿಲ್ಲ. ಹಿಂದಕ್ಕೆ ಟ್ರಾನ್ಸ್‌ಫಾರ್ಮರಿಗೆ ಹೋಗಿ, ಅಲ್ಲಿ ಸಾವಿರಾರು ವೋಲ್ಟ್ ಆಗಿ ಲೈನಿಗೆ ಏರುತ್ತದೆ. ಕಂಬದ ಮೇಲೆ ಚಳಿಯಲ್ಲಿ ಕೆಲಸ ಮಾಡುತ್ತಿರುವ ಲೈನ್‌ಮನ್ ಸತ್ತೇ ಹೋಗಬಹುದು. ಎಲೆಕ್ಟ್ರಿಷಿಯನ್ ಕರೆಸಿ, ಜನರೇಟರ್ ಓಡುವಾಗ ಮನೆಯನ್ನು ಹೊರಗಿನ ಲೈನಿನಿಂದ ಬೇರ್ಪಡಿಸುವ ಟ್ರಾನ್ಸ್‌ಫರ್ ಸ್ವಿಚ್ ಹಾಕಿಸು. ದುಡ್ಡು ಜಾಸ್ತಿಯಾದರೆ ನನಗೆ ಹೇಳು.

ಕರೆಂಟ್ ಕಂಪನಿಯ ಮೇಲೆ ನಿನಗೆ ಸಿಟ್ಟು ಅಂತ ಸ್ಮಿತಾ ಹೇಳಿದಳು. ಸಿಟ್ಟು ಬರುತ್ತದೆ, ನನಗೂ ಬಂದಿದೆ. ಆದರೆ ನಿಮ್ಮದು ಕೋಆಪರೇಟಿವ್, ನಮ್ಮೂರಿನ ಸೊಸೈಟಿ ಥರ. ನೀನೂ ಅದರ ಸದಸ್ಯನೇ. 1930ರ ದಶಕದ ಮಧ್ಯದಲ್ಲಿ ಈ ದೇಶದ ಹೊಲಮನೆಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೆ ಕರೆಂಟ್ ಇರಲಿಲ್ಲ. ಮೈಲಿಗೆ ಎರಡೋ ಮೂರೋ ಮನೆ ಇರುವ ಕಡೆ ಕಂಬ ನೆಟ್ಟರೆ ಲಾಭ ಇಲ್ಲ ಅಂತ ಖಾಸಗಿ ಕಂಪನಿಗಳು ಮುಖ ತಿರುಗಿಸಿದ್ದವು. 1936ರಲ್ಲಿ ರೂಸ್‌ವೆಲ್ಟ್ ಕಾಲದಲ್ಲಿ ಕಾನೂನು ಬಂದು, ಸರ್ಕಾರ ಸಾಲ ಕೊಟ್ಟು, ರೈತರೇ ಸಂಘ ಕಟ್ಟಿ ಲೈನ್ ಎಳೆಸಿಕೊಂಡರು. ಆ ಲೈನುಗಳು ಇವತ್ತಿಗೂ ಅಷ್ಟೇ ಉದ್ದ, ಮನೆಗಳು ಅಷ್ಟೇ ವಿರಳ. ರಿಪೇರಿಗೆ ತಡವಾಗುವುದು ಅದಕ್ಕೇ.

ಎದುರು ಮನೆಗೆ ಬಂತು, ನಮಗೆ ಬರಲಿಲ್ಲ ಅಂತ ಹೊಟ್ಟೆ ಉರಿಸಿಕೊಳ್ಳಬೇಡ. ಮೊದಲು ದೊಡ್ಡ ಲೈನು, ಆಮೇಲೆ ಸಬ್‌ಸ್ಟೇಷನ್, ಆಮೇಲೆ ಅಲ್ಲಿಂದ ಬೀದಿಗಳಿಗೆ ಹೊರಡುವ ಲೈನುಗಳಲ್ಲಿ, ಅಂದರೆ ಫೀಡರುಗಳಲ್ಲಿ, ಜಾಸ್ತಿ ಮನೆಗಳಿರುವುದು, ಕೊನೆಗೆ ಒಂಟಿ ಮನೆ. ಎದುರು ಮನೆಯದು ಬೇರೆ ಫೀಡರ್ ಇರಬಹುದು. ಆದರೆ ಒಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ, ನಿನಗೆ ಹೇಳುತ್ತೇನೆ. ಕಂಬದಿಂದ ಬರುವ ತಂತಿ ಅವರದು. ಅದನ್ನು ಕಟ್ಟಿರುವ, ನಿನ್ನ ಗೋಡೆಗೆ ಅಂಟಿದ ಕೊಳವೆ ಸಾಮಾನ್ಯವಾಗಿ ನಿನ್ನದು. ಅದು ಬಾಗಿದ್ದರೆ ಅವರು ಬಂದು ನೋಡಿ ಹೊರಟುಹೋಗುತ್ತಾರೆ, ನಮ್ಮ ಮನೆಯಲ್ಲಿ ಮಾಡಿದ ಹಾಗೆ. ಎಲೆಕ್ಟ್ರಿಷಿಯನ್ ಅದನ್ನು ಸರಿಮಾಡಿದ ಮೇಲೇ ಕನೆಕ್ಷನ್. ಈ ಗೊತ್ತಿಲ್ಲದ ತಪ್ಪಿಗೆ ನನಗೆ ಮೂರು ದಿನ ಹೆಚ್ಚು ಕತ್ತಲೆ.

ಅದು 2020ರ ಆಗಸ್ಟ್ 10ರ ಗಾಳಿಯ ನಂತರ. ಅದನ್ನು ಇಲ್ಲಿ ಡೆರೇಚೋ ಅನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ "ನೇರ" ಅಂತ ಅರ್ಥ. ಸುಂಟರಗಾಳಿಯ ಹಾಗೆ ಸುತ್ತುವುದಿಲ್ಲ, ಗೋಡೆಯ ಹಾಗೆ ನೆಟ್ಟಗೆ ಬರುತ್ತದೆ. ಆ ಹೆಸರು ಕೊಟ್ಟವನು ನಮ್ಮ ಅಯೋವಾ ವಿಶ್ವವಿದ್ಯಾಲಯದ ಪ್ರೊಫೆಸರ್ ಹಿನ್ರಿಕ್ಸ್, 1888ರಲ್ಲಿ. ಅವತ್ತಿನ ಗಾಳಿ 14 ಗಂಟೆಯಲ್ಲಿ 770 ಮೈಲಿ ಓಡಿತು. ಸೀಡರ್ ರ‍್ಯಾಪಿಡ್ಸ್ ಕಡೆ ಗಂಟೆಗೆ 140 ಮೈಲಿ ವೇಗ ಅಂತ ಅಂದಾಜು. ಮುಕ್ಕಾಲು ಗಂಟೆಯ ನಂತರ ಹೊರಗೆ ಬಂದರೆ, ಆಳೆತ್ತರ ನಿಂತಿದ್ದ ಮುಸುಕಿನ ಜೋಳ ಬಾಚಿದ ತಲೆಗೂದಲಿನ ಹಾಗೆ ಒಂದೇ ದಿಕ್ಕಿಗೆ ಮಲಗಿತ್ತು. ಕಾಳು ತುಂಬುವ ತಗಡಿನ ಕಣಜಗಳು ತುಳಿದ ಡಬ್ಬಿ ಥರ ಬಿದ್ದಿದ್ದವು. ನಮಗೆ ಹನ್ನೊಂದು ದಿನ ಕರೆಂಟ್ ಇರಲಿಲ್ಲ.

ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ ಎರಡು ದಿನ ತಡೆಯುತ್ತದೆ, ಅರ್ಧ ತುಂಬಿದ್ದರೆ ಒಂದು ದಿನ, ಫ್ರಿಜ್ ನಾಲ್ಕೇ ಗಂಟೆ. ಎರಡನೇ ದಿನ ನಿನ್ನ ಅತ್ತೆ ತನ್ನ ಖಜಾನೆ ತೆರೆದಳು. ತೆಂಗಿನತುರಿ, ಅವರೆಕಾಳು, ಆರು ತಿಂಗಳಿಗೆ ಅಂತ ತಂದಿಟ್ಟಿದ್ದ ಕರಿಬೇವು. ಅಂಗಳದಲ್ಲಿ ಗ್ಯಾಸ್ ಗ್ರಿಲ್ ಮೇಲೆ ದೊಡ್ಡ ಪಾತ್ರೆ ಇಟ್ಟು ಬಿಸಿಬೇಳೆಭಾತ್ ಮಾಡಿದಳು. ಕೋವಿಡ್ ಕಾಲ ಅಲ್ವಾ, ಬೀದಿಯವರೆಲ್ಲ ದೂರ ದೂರ ಕುರ್ಚಿ ಹಾಕಿಕೊಂಡು ಕೂತು ತಿಂದರು. ಅದೇ ಮುದುಕ ಎರಡು ಸಲ ಬಡಿಸಿಕೊಂಡ, ಕಣ್ಣಲ್ಲಿ ನೀರು ಸುರಿಸುತ್ತಾ.

ನಿನ್ನ ಬೀದಿಯಲ್ಲಿ ಎಷ್ಟು ಜನರ ಹೆಸರು ನಿನಗೆ ಗೊತ್ತು? ಒಂದು ಶನಿವಾರ ಸ್ಮಿತಾ ಕೈಯಲ್ಲಿ ಏನಾದರೂ ಸಿಹಿ ಮಾಡಿಸಿ, ಇಲ್ಲ ನೀನೇ ಮಾಡಿ, ಅಕ್ಕಪಕ್ಕದ ಬಾಗಿಲು ತಟ್ಟು. ಯಾರ ಮನೆಯಲ್ಲಿ ಕಟ್ಟಿಗೆ ಒಲೆ ಇದೆ, ಯಾರು ಆಕ್ಸಿಜನ್ ಯಂತ್ರದ ಮೇಲಿದ್ದಾರೆ, ಚಳಿಗೆ ಚರ್ಚಿನ ಬೇಸ್‌ಮೆಂಟ್ ತೆರೆಯುತ್ತಾರಾ, ಕೇಳಿಟ್ಟುಕೋ.

ಉಳಿದದ್ದು ಸಣ್ಣಪುಟ್ಟ. ಸಂಪ್ ಪಂಪಿಗೆ ಬ್ಯಾಟರಿ ಹಾಕಿಸು. ತುಂಬ ಚಳಿ ಇದ್ದಾಗ ನಲ್ಲಿಯಲ್ಲಿ ಸಣ್ಣಗೆ ನೀರು ಬಿಡು. ಬಿದ್ದ ತಂತಿಯ ಹತ್ತಿರ ಹೋಗಲೇಬೇಡ, ಸತ್ತಿದೆ ಅಂತ ಯಾರು ಹೇಳಿದರೂ ಸರಿ. ಗ್ಯಾರೇಜ್ ಬಾಗಿಲಿನ ಯಂತ್ರದಿಂದ ಒಂದು ಕೆಂಪು ಹಗ್ಗ ಜೋತು ಬಿದ್ದಿರುತ್ತದೆ. ಬಾಗಿಲು ಮುಚ್ಚಿರುವಾಗ ಅದನ್ನು ಎಳೆದು, ಕೈಯಿಂದ ಬಾಗಿಲು ಎತ್ತಲು ಬರುತ್ತದಾ ನೋಡು. ಇಲ್ಲವಾದರೆ ಮಗುವನ್ನು ಎತ್ತಿಕೊಂಡು ಹೊರಡಬೇಕಾದ ರಾತ್ರಿ ಕಾರು ಒಳಗೇ ಉಳಿಯುತ್ತದೆ.

ಎಳೆದು ನೋಡಿದ ಮೇಲೆ ಫೋನ್ ಮಾಡು. ಭಾನುವಾರ ನಾವೇ ಬರುತ್ತೇವೆ, ಅತ್ತೆ ಹುಳಿಪುಡಿ ಕುಟ್ಟಿಟ್ಟಿದ್ದಾಳೆ. ಬರುವಾಗ ಒಂದು ಅಲಾರಂ ನಾನೂ ತರುತ್ತೇನೆ, ನೀನು ತಂದಿದ್ದರೂ ಸರಿ.

ಇಂತಿ ನಿನ್ನ ಮಾವ