ಸರ್ಪಸುತ್ತು ಕಂಡರೆ ತಡಮಾಡಬೇಡಿ

ಎಲ್ಲರಿಗೂ ನಮಸ್ಕಾರ. ಮೈಕೋಸಿಸ್ ಫಂಗಾಯ್ಡಿಸ್ ಅಥವಾ ಬೇರೆ ಬಗೆಯ ಚರ್ಮದ ಲಿಂಫೋಮಾ (ಚರ್ಮದಲ್ಲಿ ಕಾಣಿಸಿಕೊಳ್ಳುವ, ಬಿಳಿ ರಕ್ತಕಣಗಳ ಕ್ಯಾನ್ಸರ್) ಇರುವವರು, ಅವರ ಮನೆಯವರು ದಯವಿಟ್ಟು ಗಮನಿಸಿ. ಹೊಸ ಗುಳ್ಳೆಯೆಲ್ಲ ಹಳೆಯ ಕಾಯಿಲೆಯದೇ ಎಂದು ಸುಮ್ಮನಾಗಬೇಡಿ. ಮೈಯ ಒಂದೇ ಪಕ್ಕದಲ್ಲಿ ಉರಿ, ನೋವಿನೊಂದಿಗೆ ನೀರುಗುಳ್ಳೆಗಳು ಪಟ್ಟಿಯಂತೆ ಎದ್ದರೆ ಸರ್ಪಸುತ್ತು ಇರಬಹುದು. ಅಸೈಕ್ಲೋವಿರ್‌ನಂಥ ವೈರಸ್ ನಿರೋಧಕ ಔಷಧಿಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಆರಂಭಿಸಿದರೆ ಪ್ರಯೋಜನ ಹೆಚ್ಚು. ಕೆಮ್ಮಣ್ಣು ಹಚ್ಚಿ ಕಾಯುವುದು ಬೇಡ; ಅಜ್ಜಿಯರು ಕ್ಷಮಿಸಲಿ. ತುಟಿಯ ಮೇಲೇಳುವ ಹರ್ಪಿಸ್ ಸೋಂಕು ಹದಗೆಟ್ಟ ಚರ್ಮದಲ್ಲಿ ಬೇಗ ಹರಡಬಲ್ಲದು. ಜ್ವರದ ಜೊತೆ ಹಾಗಾದರೆ, ಅಥವಾ ಕಣ್ಣಿನ ಸುತ್ತ ಗುಳ್ಳೆಯೆದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ಟೀರಾಯ್ಡ್ ಮುಲಾಮನ್ನು ಇಂಥ ಗುಳ್ಳೆಗಳ ಮೇಲೆ ನೀವಾಗಿಯೇ ಹಚ್ಚಬೇಡಿ. ಸರ್ಪಸುತ್ತಿನ ಲಸಿಕೆ ಶಿಂಗ್ರಿಕ್ಸ್‌ನಲ್ಲಿ ಜೀವಂತ ವೈರಸ್ ಇಲ್ಲ. ಯಾವಾಗ ಹಾಕಿಸಿಕೊಳ್ಳಬೇಕೆಂದು ನಿಮ್ಮ ವೈದ್ಯರನ್ನೇ ಕೇಳಿ.