ಐದು ತಿಂಗಳು ನನಗಾಗಿ ಓದಿದವರಿಗೆ

ಹಾಸನದ ನಮ್ಮ ಓದುಗರ ಬಳಗದ ಆತ್ಮೀಯರೇ,

ಕಳೆದ ಭಾನುವಾರ, ಐದು ತಿಂಗಳ ಬಳಿಕ, ಮಹಾರಾಜ ಪಾರ್ಕಿನಲ್ಲಿ ನಾವು ಸೇರುವ ಜಾಗಕ್ಕೆ ನಾನು ಬಂದು ಕುಳಿತಾಗ ಎರಡು ಮಾತನಾಡಿ ಎಂದು ನೀವೆಲ್ಲ ಒತ್ತಾಯಿಸಿದಿರಿ. ಎದ್ದು ನಿಂತೆ, ಆದರೆ ಗಂಟಲು ಕಟ್ಟಿ ಏನನ್ನೂ ಹೇಳಲಾಗಲಿಲ್ಲ. ಅಂದು ಹೇಳಬೇಕಾಗಿದ್ದುದನ್ನು ಈಗ ಬರೆಯುತ್ತಿದ್ದೇನೆ.

ನನ್ನ ಬಲಗಣ್ಣು ಬಾಲ್ಯದಿಂದಲೇ ಮಂದ. ಓದು ಬರಹವೆಲ್ಲ ನಡೆದದ್ದು ಎಡಗಣ್ಣಿನ ಬಲದಿಂದ. ಆ ಕಣ್ಣಿನ ಅಂಚಿನಲ್ಲಿ ಮಿಂಚು ಹೊಡೆದಂತಾಗಿ, ಸೊಳ್ಳೆ ಹಾರಿದಂತೆ ಕಪ್ಪು ಚುಕ್ಕೆಗಳು ಕಾಣತೊಡಗಿದಾಗ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಕನ್ನಡಕದ ಅಂಗಡಿಯೊಂದರಲ್ಲಿ ಹೇಳಿದ್ದನ್ನು ನಂಬಿ ಎಂಟು ದಿನ ಕಳೆದೆ. ಒಂಬತ್ತನೆಯ ದಿನ ಪುಟದ ಒಂದು ಬದಿಗೆ ಪರದೆ ಎಳೆದಂತೆ ಕತ್ತಲೆ ಕವಿಯಿತು. ಅಕ್ಷಿಪಟಲ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರ, ತನ್ನ ಜಾಗದಿಂದ ಕಳಚಿಕೊಂಡಿದೆ ಎಂದು ಬೆಂಗಳೂರಿನ ವೈದ್ಯರು ತಿಳಿಸಿ ಮರುದಿನವೇ ಶಸ್ತ್ರಚಿಕಿತ್ಸೆ ಮಾಡಿದರು. (ನಮ್ಮ ಬಳಗದಲ್ಲಿ ಅರವತ್ತು ದಾಟಿದವರೇ ಹೆಚ್ಚಾಗಿರುವುದರಿಂದ ಹೇಳುತ್ತಿದ್ದೇನೆ: ಇಂಥ ಮಿಂಚು ಕಂಡರೆ ಅಂಗಡಿಗೆ ಹೋಗಬೇಡಿ, ಅಂದೇ ಕಣ್ಣಿನ ವೈದ್ಯರ ಬಳಿಗೆ ಹೋಗಿ.)

ಕಣ್ಣಿನೊಳಗೆ ತುಂಬಿಸಿದ ಅನಿಲದ ಗುಳ್ಳೆ ಮೇಲೇರಿ ಅಕ್ಷಿಪಟಲವನ್ನು ಒತ್ತಿ ಹಿಡಿಯಬೇಕಾದ್ದರಿಂದ ಹತ್ತು ದಿನ ಬೋರಲಾಗಿಯೇ ಮಲಗಿರಬೇಕೆಂದು ಅವರು ವಿಧಿಸಿದರು. ಮಗನ ಮನೆಯ ಕೋಣೆಯಲ್ಲಿ ದಿಂಬಿನ ನಡುವಿನ ಸಂದಿನಲ್ಲಿ ಮುಖವಿಟ್ಟು ನೆಲವನ್ನೇ ನೋಡುತ್ತ, ಆ ನೆಲವೂ ಕಾಣದೆ ಮಲಗಿದ್ದಾಗ, ಎರಡನೆಯ ದಿನ ಸಂಜೆ ವಾಟ್ಸಾಪಿನಲ್ಲಿ ಮೊದಲ ಧ್ವನಿಮುದ್ರಣ ಬಂತು. ನೀರಾವರಿ ಇಲಾಖೆಯಿಂದ ನಿವೃತ್ತರಾದ ನಮ್ಮ ಹಿರಿಯರು ಗೊರೂರು ರಾಮಸ್ವಾಮಿ ಅಯ್ಯಂಗಾರರ ಹಾಸ್ಯ ಪ್ರಬಂಧವೊಂದನ್ನು ಓದಿ ಕಳುಹಿಸಿದ್ದರು. ಬೋರಲಾಗಿ ಮಲಗಿದವರಿಗೆ ಗೊರೂರರನ್ನು ಓದಿ ಹೇಳುವುದು ಒಂದು ಬಗೆಯ ಹಿಂಸೆಯೇ ಸರಿ, ಏಕೆಂದರೆ ನಗುವಂತಿಲ್ಲ, ನಗದೆ ಇರುವಂತೆಯೂ ಇಲ್ಲ. ಓದಿನ ನಡುವೆ ಅವರು ಸ್ವಲ್ಪ ನಿಲ್ಲಿಸಿ, ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ತಮ್ಮ ಊರಿನ ನೆನಪನ್ನೂ, ಮಳೆಗಾಲದಲ್ಲಿ ನೀರು ಏರಿ ಬೇಸಿಗೆಯಲ್ಲಿ ಮತ್ತೆ ಬಯಲಾಗುವ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳನ್ನು ನೋಡಲು ಪ್ರತಿವರ್ಷ ತಾವು ಹೋಗುವುದನ್ನೂ ಹೇಳಿದರು. ಏಳು ವರ್ಷಗಳಿಂದ ಪ್ರತಿ ತಿಂಗಳೂ ಅವರೊಂದಿಗೆ ಕುಳಿತು ಪುಸ್ತಕಗಳ ಬಗ್ಗೆ ಮಾತನಾಡಿದ್ದರೂ ಅವರ ಊರು ಮುಳುಗಿದ್ದು ನನಗೆ ಗೊತ್ತಿರಲಿಲ್ಲ.

ಹಾಸನಕ್ಕೆ ಮರಳಿದ ಮೇಲೆ ವಾರಕ್ಕೆ ಮೂರು ದಿನ ಸರದಿಯಂತೆ ನೀವು ಮನೆಗೇ ಬಂದಿರಿ. ಅನಿಲ ಕರಗುವವರೆಗೆ ಓದು ಕೂಡದು, ಆಮೇಲೆ ಅದೇ ಕಣ್ಣಿಗೆ ಪೊರೆ ಬಂದು ಇನ್ನೊಂದು ಶಸ್ತ್ರಚಿಕಿತ್ಸೆ, ಆನಂತರ ಹೊಸ ಕನ್ನಡಕಕ್ಕೆ ಕಾಯುವುದು ಎಂದು ಐದು ತಿಂಗಳು ಉರುಳಿದವು.

ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯನ್ನು ನಾನು ಅದಕ್ಕೆ ಮೊದಲು ಎರಡು ಬಾರಿ ಓದಿದ್ದೆ, ಅದರ ಬಗ್ಗೆ ನಮ್ಮ ಸಭೆಯಲ್ಲಿ ಅಧಿಕಾರದಿಂದಲೇ ಮಾತನಾಡಿದ್ದೆ. ಆದರೆ ಚನ್ನರಾಯಪಟ್ಟಣದ ಕಡೆಯಿಂದ ಬಂದು ಇಲ್ಲಿ ಅಂಗನವಾಡಿಯಲ್ಲಿ ಕೆಲಸ ಮಾಡುವ ನಮ್ಮ ಅಕ್ಕ ಅದನ್ನು ಓದತೊಡಗಿದಾಗ, ಸಕಲೇಶಪುರದ ಕಡೆಯವಳಾದ ನಾನು ಅದರಲ್ಲಿನ ಅತ್ತೆ ಗಂಗಮ್ಮನ ಬೈಗುಳಗಳನ್ನು ಇಷ್ಟು ವರ್ಷ ನಮ್ಮೂರಿನ ಮೆದು ರಾಗದಲ್ಲಿ ಓದಿಕೊಂಡಿದ್ದೆ ಎಂಬುದು ಅರಿವಾಯಿತು. ಅವರ ಬಾಯಲ್ಲಿ ಆ ಮಾತುಗಳು ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಸಿಡಿಯುತ್ತಿದ್ದವು. ಸೊಸೆ ನಂಜಮ್ಮನ ಸಹನೆಯನ್ನು ನಾನು ಸಭೆಯಲ್ಲಿ ಹೊಗಳಿದ್ದನ್ನು ಅವರು ಮರೆತಿರಲಿಲ್ಲ. ಊಟದ ಎಲೆ ಹಚ್ಚಿ, ಶಾನುಭೋಗಿಕೆಯ ಲೆಕ್ಕವನ್ನೂ ತಾನೇ ಬರೆದು ಸಂಸಾರ ನಡೆಸಿದ ಹೆಂಗಸನ್ನು ಸಹನಶೀಲೆ ಎಂದು ಕರೆದು ಸುಮ್ಮನಾಗುವುದು ಆಕೆಯ ದುಡಿಮೆಯನ್ನು ಮರೆಮಾಚಿದಂತೆ ಎಂದು ಓದಿನ ನಡುವೆ ಖಾರವಾಗಿಯೇ ಹೇಳಿದರು. ನಾನು ವಾದಿಸಿದೆ, ಸೋತೆ, ಆಮೇಲೆ ಕಾಫಿ ಕುಡಿದೆವು. ಪ್ಲೇಗಿನಲ್ಲಿ ನಂಜಮ್ಮನ ಮಕ್ಕಳು ತೀರಿಕೊಳ್ಳುವ ಪುಟಕ್ಕೆ ಬಂದ ದಿನ ಅವರು ನಾಲ್ಕು ಸಾಲು ಓದಿ ಪುಸ್ತಕ ಮುಚ್ಚಿದರು. ನನ್ನಿಂದಾಗದು, ನಿಮಗೆ ಕಣ್ಣು ಬಂದ ಮೇಲೆ ನೀವೇ ಓದಿ ಹೇಳಿ ಎಂದು ಬಸ್ ಟಿಕೆಟ್ಟನ್ನು ಅಲ್ಲಿಯೇ ಗುರುತಿಗಿಟ್ಟು ಹೊರಟರು.

ನಮ್ಮ ಊರಿನವರೇ ಆದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಅವರ ಕಥೆಗಳನ್ನು ಹುಡುಕಿ ಓದಿದ್ದು ನಿಮಗೆ ನೆನಪಿರಬಹುದು. ಕಾನೂನು ಓದುತ್ತಿರುವ ನಮ್ಮ ಬಳಗದ ಕಿರಿಯ ಹುಡುಗಿ ಅವೇ ಕಥೆಗಳನ್ನು ಮತ್ತೆ ನನಗೆ ಓದಿ ಹೇಳಿದಳು. ಅವಳ ಮನೆಮಾತು ದಖನಿ, ಅಂದರೆ ನಮ್ಮ ದಕ್ಷಿಣದ ಕಡೆಯ ಉರ್ದು. ನಾನು ಕಣ್ಣಲ್ಲಿಯೇ ದಾಟಿಬಿಟ್ಟಿದ್ದ ಉರ್ದು ಪದಗಳನ್ನು ಅವಳು ನಿಂತು ನಿಂತು ಉಚ್ಚರಿಸಿ, ಆ ಮಾತನ್ನು ಮನೆಯಲ್ಲಿ ಯಾರು ಯಾರಿಗೆ, ಯಾವ ಸಿಟ್ಟಿನಲ್ಲಿ ಹೇಳುತ್ತಾರೆಂದು ತಿಳಿಸುತ್ತಿದ್ದಳು. ಅವಳಿಗೆ ನನ್ನ ಧನ್ಯವಾದದ ಜೊತೆಗೆ, ಪರೀಕ್ಷೆಯ ವಾರದಲ್ಲೂ ಬರಮಾಡಿಕೊಂಡದ್ದಕ್ಕೆ ಅವಳ ತಾಯಿಯವರಲ್ಲಿ ಕ್ಷಮೆಯೂ ಸಲ್ಲಬೇಕು.

ಇನ್ನು, ಅವಧಿ ಮುಗಿದರೂ ಪುಸ್ತಕಗಳನ್ನು ನವೀಕರಿಸಿಕೊಟ್ಟ ಗ್ರಂಥಾಲಯದ ಸಿಬ್ಬಂದಿಗೆ, ತಪಾಸಣೆಗೆ ಕರೆದೊಯ್ದ ಆಟೋದ ತಮ್ಮನಿಗೆ, ಓದಲು ಬಂದವರಿಗೆಲ್ಲ ಬೇಸರವಿಲ್ಲದೆ ಕಾಫಿ ಬೆರೆಸಿದ ನನ್ನ ಯಜಮಾನರಿಗೆ ನಾನು ಋಣಿ.

ಈಗ ಹೊಸ ಕನ್ನಡಕದಲ್ಲಿ ಅಕ್ಷರ ನೆಟ್ಟಗಿದೆ. ಸಾಲುಗಳು ಒಂದೊಂದು ಕಡೆ ತುಸು ಅಲುಗುತ್ತವೆ, ಒಮ್ಮೆಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಓದಬಾರದೆಂಬ ಕಟ್ಟಪ್ಪಣೆಯೂ ಇದೆ. ಆ ಬಸ್ ಟಿಕೆಟ್ಟು ಇನ್ನೂ ಅದೇ ಪುಟದಲ್ಲಿದೆ. ಮುಂದಿನ ಸಭೆಯಲ್ಲಿ ಆ ಪುಟವನ್ನು ನಾನು ಓದುತ್ತೇನೆ. ನನ್ನ ಮಲೆನಾಡಿನ ರಾಗ ಎಲ್ಲಿ ತಪ್ಪಿತೋ ಅಲ್ಲಿ ಅಕ್ಕ ತಿದ್ದಬೇಕು.